ಬಲಗಡೆಯ ಗಿಟಾರ್

ಮೋರಟಗಿ
14 ಜನವರಿ 2024

ಪ್ರಿಯ ಕಾಂತು,

ಹತ್ತು ಸಲ ಫೋನ್ ಮಾಡಿದ ಮೇಲೆ ಈ ಪತ್ರ. ಎರಡು ಸಲ ನೀನು ಎತ್ತಿದೆ, ಎರಡು ಸಲವೂ ‘ಆಮ್ಯಾಲೆ ಮಾಡ್ತೇನಿ’ ಎಂದು ಇಟ್ಟೆ. ಆ ‘ಆಮ್ಯಾಲೆ’ ಇನ್ನೂ ಬಂದಿಲ್ಲ. ವಾಟ್ಸಾಪಿನಲ್ಲಿ ನಾನೀಗ ಇಲ್ಲ, ಹೊಸ ವರ್ಷದ ದಿನ ತೆಗೆದುಹಾಕಿದೆ. ಸಿಂದಗಿಯ ಒಂದು ಸಭೆಯಲ್ಲಿ ಹದಿನಾರು ಪುಟದ ಕಿರುಹೊತ್ತಗೆ ಸಿಕ್ಕಿತ್ತು, ನಾವಾಡುವ ಮಾತನ್ನೇ ಸರಕು ಮಾಡಿ ಮಾರುವ ಕಂಪನಿಗಳ ಬಗ್ಗೆ. ಓದಿದ ಮೇಲೂ ಬಳಸುವುದಾದರೆ ಓದಿದ್ದೇಕೆ? ನೀನು ನಗುತ್ತೀಯೆಂದು ಗೊತ್ತು. ನಗು.

ವಿಷಯಕ್ಕೆ ಬರುತ್ತೇನೆ. ನನಗೊಂದು ಹೆಡ್‌ಫೋನ್ ಬೇಕು. ಕಿವಿಯನ್ನು ಪೂರ್ತಿ ಮುಚ್ಚುವಂಥದು, ಮೆಟಲ್ ಸಂಗೀತ ಕೇಳಲು ಯೋಗ್ಯವಾದದ್ದು, ಸಾವಿರದೈನೂರರೊಳಗಿನದು. ಕಾಲೇಜಿನಲ್ಲಿ ನಾವಿಬ್ಬರೂ ಹಂಚಿಕೊಳ್ಳುತ್ತಿದ್ದ ಇಯರ್‌ಫೋನಿನ ಬಲಗಡೆಯದು, ಅಂದರೆ ನನ್ನದು, ದೀಪಾವಳಿಯ ಹೊತ್ತಿಗೆ ಸತ್ತಿತು. ಎಡಗಡೆಯದು ಇನ್ನೂ ಜೀವಂತವಾಗಿದೆ, ಆದರೆ ನಾನು ಹಾಕಿಕೊಂಡಿಲ್ಲ. ಅದು ನಿನ್ನದು.

ಹೀಗಾಗಿ ಹೋದ ವಾರ ಮನೆಯ ಸಣ್ಣ ಸ್ಪೀಕರಿನಲ್ಲಿ ‘ಏಳನೇದು’ ಹಾಕಿದೆ. ಮೆಮೊರಿ ಕಾರ್ಡಿನಲ್ಲಿ ಹೆಸರಿಲ್ಲದೆ ಬಂದು, ಏಳನೆಯ ಜಾಗದಲ್ಲಿ ಕುಳಿತು, ನಾವು ಮೂರು ವರ್ಷ ಕೇಳಿದ ಅದೇ ಒಂಬತ್ತು ನಿಮಿಷದ ಹಾಡು. ಡ್ರಮ್ ಶುರುವಾಗುತ್ತಲೇ ಅಪ್ಪ ಹಿತ್ತಲಿನಿಂದ ಬಂದ. ಬೈಯಲಿಲ್ಲ.

‘ಪ್ರಜ್ಞಾ, ಈ ಮನ್ಯಾಗ ಇನ್ನ ಹಲಗಿ ಸಪ್ಪಳ ಬ್ಯಾಡ ಅಂತ ನಿಮ್ಮಜ್ಜ ಹಲಗಿ ಕೆಳಗಿಟ್ಟಾನ. ಊರಾಗಿನವ್ರು ಕರದ್ರ ಹೋಗಿ ಬಾರಸಬೇಕಿತ್ತು, ಇಲ್ಲಂದ್ರ ಏಟು. ಬಿಡಾಕ ಅವಗ ನಲವತ್ತ ವರ್ಷ ಹಿಡೀತು.’

‘ಅಪ್ಪಾ, ಇದು ಹಲಗಿ ಅಲ್ಲ.’

‘ನನ್ನ ಎದಿಗಿ ಹಂಗ ಬಡೀತು ನೋಡವಾ.’

ನಾವು ಬೌದ್ಧರಾದ ದಿನ ಅಜ್ಜ ಹಲಗೆಯನ್ನು ಹೆಗಲಿನಿಂದ ಇಳಿಸಿದ್ದು ನಿನಗೆ ಗೊತ್ತೇ ಇದೆ. ಅಪ್ಪನ ಮಾತಿಗೆ ಉತ್ತರ ನನ್ನ ಯಾವ ಪುಸ್ತಕದಲ್ಲೂ ಇಲ್ಲ. ಅದಕ್ಕೇ, ಸದ್ದು ಹೊರಗೆ ಸೋರದ ಹೆಡ್‌ಫೋನ್. ನೀನು ಸೌಂಡ್ ಕೆಲಸದವನು, ಆರಿಸಿಕೊಡು.

ನಮ್ಮ ಓದುಗರ ಬಳಗ ಜೋರಾಗಿ ನಡೆದಿದೆ. ಪ್ರತಿ ಭಾನುವಾರ ಹನ್ನೊಂದು ಜನ ಸೇರುತ್ತಾರೆ. ನಾನೇ ಅಧ್ಯಕ್ಷೆ.

ಪ್ರಜ್ಞಾ

&nbsp;

ಮುದ್ದೇಬಿಹಾಳ
24 ಜನವರಿ 2024

ಮಾನ್ಯ ಅಧ್ಯಕ್ಷರೇ,

ತಮ್ಮ ಮನವಿ ತಲುಪಿದೆ. ಪೋಸ್ಟ್‌ಮನ್ ಲಕೋಟೆಯನ್ನು ಎಲ್ಲರೆದುರು ಮೇಲೆತ್ತಿ ‘ಕಾಂತೂ, ಕೋರ್ಟ್ ನೋಟೀಸ್ ಬಂದೈತೇನೋ?’ ಅಂದ. ನನ್ನ ಹೆಸರಿಗೆ ಪತ್ರ ಬಂದದ್ದು ಇದೇ ಮೊದಲು.

ಮೊದಲ ಮಾತು. ಡಬ್ಬಿಯ ಮೇಲೆ ‘ಬಾಸ್’ ಎಂದು ದೊಡ್ಡಕ್ಷರದಲ್ಲಿ ಬರೆದದ್ದನ್ನು ಮುಟ್ಟಬೇಡ. ನಮ್ಮ ಕಡೆ ಅಂಗಡಿಯವರು ಅದನ್ನೇ ಕೊಡುತ್ತಾರೆ, ಏಕೆಂದರೆ ನಮ್ಮ ಕಡೆ ಎಲ್ಲರೂ ಅದನ್ನೇ ಕೇಳುತ್ತಾರೆ. ಕುಣಿಯುವ ಹಾಡಿಗೆ ಅದು ಸರಿ. ಮೆಟಲ್‌ನಲ್ಲಿ ಗಿಟಾರ್ ಇರುವುದು ನಡುವಿನ ಸ್ವರಗಳಲ್ಲಿ, ಬಾಸ್, ಅಂದರೆ ಕೆಳಗಿನ ದಪ್ಪ ಸದ್ದು, ಉಬ್ಬಿದರೆ ಅದನ್ನು ನುಂಗಿಬಿಡುತ್ತದೆ. ಪರೀಕ್ಷೆ ಹೀಗೆ ಮಾಡು: ಏಳನೇದರ ಐದನೆಯ ನಿಮಿಷದಲ್ಲಿ ಎರಡೂ ಕಾಲಿನಿಂದ ಬಡಿಯುವ ಡ್ರಮ್ ಬರುತ್ತದಲ್ಲ, ಅಲ್ಲಿ ಒಂದೊಂದು ಏಟೂ ಬೇರೆಯಾಗಿ ಕೇಳಬೇಕು, ಬಾಣಲೆಯಲ್ಲಿ ಜೋಳದ ಅರಳು ಸಿಡಿದಂತೆ. ಹಿಟ್ಟಿನ ಗಿರಣಿಯಂತೆ ಒಂದೇ ಸಮ ‘ಗುರ್’ ಎಂದರೆ ವಾಪಸ್ ಕೊಡು. ತಂತಿಯದೇ ತಗೋ. ನಿನ್ನ ಹಳೆಯ ಫೋನಿಗೆ ದುಂಡು ತೂತು ಇದೆ, ಮತ್ತೆ ಅದೇ ದುಡ್ಡಿಗೆ ತಂತಿಯದರಲ್ಲಿ ಒಳ್ಳೆಯ ಸದ್ದು ಸಿಗುತ್ತದೆ. ಸದ್ದು ಸೋರದಿರಲು ಹಿಂಬದಿ ಮುಚ್ಚಿರಬೇಕು.

ಎರಡನೆಯದು ಸಲಹೆಯಲ್ಲ. ಇಲ್ಲಿ ಒಂದು ದೊಡ್ಡ ಹೆಡ್‌ಫೋನ್ ರಿಪೇರಿಗೆ ಬಂದಿತ್ತು, ಅದರಲ್ಲಿ ಏಳನೇದು ಹಾಕಿ ನೋಡಿದಾಗ ತಿಳಿಯಿತು. ಅದರಲ್ಲಿ ಗಿಟಾರ್ ಒಂದಲ್ಲ ಪ್ರಜ್ಞಾ, ಎರಡು. ಒಂದನ್ನು ಪೂರ್ತಿ ಎಡಕ್ಕೆ, ಇನ್ನೊಂದನ್ನು ಪೂರ್ತಿ ಬಲಕ್ಕೆ ಕೂರಿಸಿದ್ದಾರೆ. ಮೂರು ವರ್ಷ ನಾನು ಕೇಳಿದ್ದು ಎಡಗಡೆಯದನ್ನು, ನೀನು ಕೇಳಿದ್ದು ಬಲಗಡೆಯದನ್ನು. ಕ್ಯಾಂಟೀನಿನಲ್ಲಿ ಜಗಳವಾಡಿದ್ದು ನೆನಪಿದೆಯಾ? ಆ ಜಾಗದಲ್ಲಿ ಗಿಟಾರ್ ಕೆಳಗಿಳಿಯುತ್ತದೆ ಎಂದು ನಾನು, ಮೇಲೇರುತ್ತದೆ ಎಂದು ನೀನು. ಎರಡು ದಿನ ಮಾತು ಬಿಟ್ಟೆವು. ಇಬ್ಬರೂ ಸರಿಯಿದ್ದೆವು.

ಕೆಲಸ ನಡೆದಿದೆ. ಬಸಂತರಾಯರ ಡಿ.ಜೆ. ಗಾಡಿಯ ಮೇಲೆ ಸದ್ದು ಹದ ಮಾಡುವ ಮಿಕ್ಸರ್ ಮುಂದೆ ಕೂರುತ್ತೇನೆ, ಬಲಕ್ಕೆ ಸ್ಪೀಕರ್ ಡಬ್ಬಿಗಳ ಗೋಡೆ, ಎಡಕ್ಕೆ ಜನ. ಫೋನ್ ಬೇಡ, ಇಲ್ಲಿ ಗದ್ದಲ. ಪತ್ರವೇ ಬರೆ.

ಕಾಂತು

&nbsp;

ಮೋರಟಗಿ
3 ಫೆಬ್ರವರಿ 2024

ಕಾಂತು,

ನಿನ್ನ ಪತ್ರ ಹಿಡಿದುಕೊಂಡೇ ಸಿಂದಗಿಗೆ ಹೋದೆ. ಭೀಮಶ್ಯಾ ಎಂಬವರ ಅಂಗಡಿ. ‘ಏನ್ ಹಾಡ ಕೇಳ್ತೀ ತಂಗಿ?’ ಅಂದರು. ‘ಮೆಟಲ್ ರಿ’ ಅಂದೆ. ‘ಅಂದ್ರ?’ ಕೇಳಿಸಿದೆ. ಅರ್ಧ ನಿಮಿಷಕ್ಕೆ ಎರಡೂ ಕೈಯಿಂದ ಹೆಡ್‌ಫೋನ್ ಕಿತ್ತು ಕೆಳಗಿಟ್ಟರು. ‘ಯವ್ವಾ, ಇದ್ರಾಗ ಯಾರನ್ನ ಹೊಡ್ಯಾಕತ್ತಾರ?’

‘ಯಾರನ್ನೂ ಇಲ್ರಿ. ಹೊಡಿಸಿಕೊಂಡವ್ರು ಒದರಾಕತ್ತಾರ.’

ಅವರು ಮೂರು ಹೆಡ್‌ಫೋನ್ ಕೊಟ್ಟರು, ಮೂರರ ಮೇಲೂ ‘ಬಾಸ್’. ಮೂರೂ ನಿನ್ನ ಗಿರಣಿ. ಬರಿಗೈಯಲ್ಲಿ ಬಂದೆ. ನೀನೇ ಒಂದು ಆರಿಸಿ ಬಸ್ಸಿನಲ್ಲಿ ಕಳಿಸು.

ಈಗ ಇನ್ನೊಂದು ವಿಷಯ. ಕಹಿಯಾಗಿದ್ದರೂ ಬರೆಯುತ್ತೇನೆ. ನಮ್ಮ ಜೊತೆ ಓದಿದ ಕೋಮಲ ಸಿಕ್ಕಿದ್ದಳು. ಬಸವನ ಬಾಗೇವಾಡಿ ಬಸ್‌ಸ್ಟ್ಯಾಂಡಿನಲ್ಲಿ ನಿನ್ನನ್ನು ನೋಡಿ ನಾಲ್ಕು ಸಲ ಕೂಗಿದಳಂತೆ. ನೀನು ತಿರುಗಲೂ ಇಲ್ಲವಂತೆ. ‘ಈಗ ಅಂವಾ ಡಿ.ಜೆ. ಸಾಹೇಬ ಅದಾನವಾ, ನಮ್ಮಂಥವ್ರು ಕಣ್ಣಿಗಿ ಬೀಳಂಗಿಲ್ಲ’ ಅಂದಳು. ಕೋಮಲ ನಮ್ಮ ಕೇರಿಯವಳು. ನಾನೂ ಅದೇ ಕೇರಿಯವಳು. ನನ್ನ ಫೋನನ್ನು ನೀನು ಎತ್ತುವುದಿಲ್ಲ.

ಒಂದೇ ತಟ್ಟೆಯಲ್ಲಿ ಉಂಡವರು ಕೆಲಸ ಸಿಕ್ಕ ಮೇಲೆ ತಟ್ಟೆ ಬದಲಿಸುವುದನ್ನು ನಾನು ಪುಸ್ತಕದಲ್ಲಿ ಓದಿದ್ದೇನೆ. ನಿನ್ನ ಬಗ್ಗೆ ಓದುತ್ತಿದ್ದೇನೆ ಎಂದುಕೊಂಡಿರಲಿಲ್ಲ. ಹಾಗಿಲ್ಲದಿದ್ದರೆ ಹಾಗಿಲ್ಲ ಎಂದು ಬರೆ. ಹಾಗಿದ್ದರೂ ಬರೆ.

ಪ್ರಜ್ಞಾ

&nbsp;

ಮುದ್ದೇಬಿಹಾಳ
12 ಫೆಬ್ರವರಿ 2024

ಪ್ರಜ್ಞಾ,

ಕೋಮಲ ಯಾವ ಕಡೆ ನಿಂತು ಕೂಗಿದಳು, ಕೇಳು. ಬಲಗಡೆ ಇದ್ದಿರಬೇಕು.

ನನ್ನ ಬಲಗಿವಿ ಹೋಗಿದೆ. ಗಣಪತಿ ಕಳಿಸುವ ಹೊತ್ತಿನಲ್ಲಿ ಹನ್ನೊಂದು ದಿನದಲ್ಲಿ ಒಂಬತ್ತು ಮೆರವಣಿಗೆ ಮಾಡಿದೆವು. ಕೊನೆಯ ದಿನ ಗಾಡಿಯಿಂದ ಇಳಿದಾಗ ಕಿವಿಯೊಳಗೆ ಒಂದು ಸೀಟಿ ಹೊಡೆಯುತ್ತಿತ್ತು. ಮಲಗಿ ಎದ್ದರೆ ಹೋಗುತ್ತದೆ ಎಂದುಕೊಂಡೆ. ಸೀಟಿ ಉಳಿಯಿತು, ಬೇರೆಲ್ಲ ಹೋಯಿತು. ಒಬ್ಬನೇ ವಿಜಯಪುರಕ್ಕೆ ಹೋಗಿ ತೋರಿಸಿದೆ. ಡಾಕ್ಟರು ತಡವಾಗಿ ಬಂದೆ ಅಂದರು, ಇನ್ನು ತಿರುಗಿ ಬರುವುದಿಲ್ಲ ಅಂದರು.

ಫೋನನ್ನು ಎಡಗಿವಿಗೆ ಹಿಡಿದರೆ ನಿನ್ನ ಮಾತು ಸ್ಪಷ್ಟವಾಗಿ ಕೇಳುತ್ತದೆ. ಆದರೆ ಇರುವ ಒಂದು ಕಿವಿಯನ್ನು ನಿನಗೆ ಕೊಟ್ಟರೆ ಸುತ್ತಲಿನದೇನೂ ಕೇಳುವುದಿಲ್ಲ. ಅಂಗಡಿಯಲ್ಲಿ ಯಾರಾದರೂ ಹಿಂದಿನಿಂದ ಕರೆದು ನಾನು ತಿರುಗದೆ ನಿಂತರೆ ಬಸಂತರಾಯರಿಗೆ ತಿಳಿಯುತ್ತದೆ. ಒಂದೇ ಕಿವಿಯವನನ್ನು ಮಿಕ್ಸರ್ ಮುಂದೆ ಯಾರು ಕೂರಿಸುತ್ತಾರೆ? ಅದಕ್ಕೇ ‘ಆಮ್ಯಾಲೆ’. ಕೇರಿ, ತಟ್ಟೆ, ಅದೆಲ್ಲ ಅಲ್ಲ.

ನನಗೆ ಹೆಚ್ಚಿನ ನಷ್ಟವಿಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತೇನೆ. ಕಾಲೇಜಿನಲ್ಲಿ ಕೇಳುತ್ತಿದ್ದದ್ದು ಎಡಗಡೆಯದು, ಈಗಲೂ ಅದು ಕೇಳುತ್ತದೆ. ಹೋದದ್ದು ನಿನ್ನ ಪಾಲು. ರಿಪೇರಿಗೆ ಬಂದ ಆ ಹೆಡ್‌ಫೋನನ್ನು ಒಮ್ಮೆ ಹಿಂದುಮುಂದಾಗಿ ಹಾಕಿಕೊಂಡೆ, ಎರಡು ಗಿಟಾರ್ ಇವೆಯೆಂದು ತಿಳಿದದ್ದು ಹಾಗೆಯೇ. ಬಲಗಡೆಯ ಗಿಟಾರ್ ಎಡಗಿವಿಗೆ ಬಂತು. ನೀನು ಹೇಳಿದ್ದು ಖರೆ, ಆ ಜಾಗದಲ್ಲಿ ಅದು ಏರುತ್ತದೆ. ಆದರೆ ಆಗ ನನ್ನದು ಇಲ್ಲ. ಎರಡೂ ಒಟ್ಟಿಗೆ ಕೇಳುವುದು ಮಾತ್ರ ಇನ್ನಿಲ್ಲ.

ಅವ್ವನಿಗೆ ಗೊತ್ತಿಲ್ಲ. ಇಂಗಳೇಶ್ವರಕ್ಕೆ ಹೋದಾಗ ಒಲೆಯ ಬಲಕ್ಕೆ ಕೂರುತ್ತೇನೆ. ಆಗ ಅವಳು ನನ್ನ ಎಡಕ್ಕೆ ಬರುತ್ತಾಳೆ, ಏನು ಕೇಳಿದರೂ ಉತ್ತರ ಕೊಡಬಹುದು. ನಿನ್ನೊಬ್ಬಳಿಗೆ ಬರೆದಿದ್ದೇನೆ. ಬರೆದ ಮೇಲೆ ಸೀಟಿ ಸ್ವಲ್ಪ ಕಡಿಮೆಯಾದಂತೆ ಅನ್ನಿಸಿತು, ಸುಳ್ಳಿರಬಹುದು.

ಹೆಡ್‌ಫೋನ್ ಹುಡುಕುತ್ತಿದ್ದೇನೆ.

ಕಾಂತು

&nbsp;

ಮೋರಟಗಿ
22 ಫೆಬ್ರವರಿ 2024

ಕಾಂತು,

ನಿನ್ನ ಪತ್ರ ಓದಿ ಇಡೀ ದಿನ ಉಣ್ಣಲಿಲ್ಲ. ಮೊದಲು ನನ್ನ ಮೇಲೆ ಸಿಟ್ಟು ಬಂತು. ಆಮೇಲೆ ಆ ಸಿಟ್ಟು ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಯಿತು. ನೀನು ಒಬ್ಬನೇ ಡಾಕ್ಟರ ಹತ್ತಿರ ಹೋಗಿ, ಒಬ್ಬನೇ ಬಂದು, ಸುಮ್ಮನೆ ಮಿಕ್ಸರ್ ಮುಂದೆ ಕುಳಿತೆಯಲ್ಲ, ಈ ಸುಮ್ಮನಿರುವಿಕೆಯ ಮೇಲೆಯೇ ಅವರ ವ್ಯಾಪಾರ ನಿಂತಿದೆ. ನಾನು ಸುಮ್ಮನಿರಲಿಲ್ಲ.

ಜೊತೆಗಿರುವ ಹಾಳೆ ನೋಡು. ಐನೂರು ಪ್ರತಿ. ಮುದ್ದೇಬಿಹಾಳದಲ್ಲಿ ಇನ್ನೂರು, ಬಾಗೇವಾಡಿ ಬಸ್‌ಸ್ಟ್ಯಾಂಡಿನಲ್ಲಿ ಇನ್ನೂರು, ಉಳಿದದ್ದು ಸಿಂದಗಿಯಲ್ಲಿ. ನಾನೇ ನಿಂತು ಹಂಚಿದೆ.

*ಯಾರ ಸಂಭ್ರಮ? ಯಾರ ಕಿವಿ? ಬಂಧುಗಳೇ, ಇಂಗಳೇಶ್ವರದ ಕುರಿಗಾರರ ಮನೆಯ ಇಪ್ಪತ್ಮೂರು ವರ್ಷದ ಯುವಕನೊಬ್ಬ ಮುದ್ದೇಬಿಹಾಳದ ಡಿ.ಜೆ. ಗಾಡಿಯ ಮೇಲೆ ದುಡಿದು ಬಲಗಿವಿ ಕಳೆದುಕೊಂಡಿದ್ದಾನೆ. ಹೆತ್ತ ತಾಯಿಗೂ ಹೇಳಲಾರದೆ, ಊರಿಗೆ ಹೋದಾಗ ಒಲೆಯ ಬಲಕ್ಕೆ ಕೂರುತ್ತಾನೆ. ನಮ್ಮ ಒಂದು ದಿನದ ಕುಣಿತಕ್ಕೆ ಅವನ ಇಡೀ ಬದುಕಿನ ಕಿವಿಯೇ?*

ಹೆಸರು ಹಾಕಿಲ್ಲ, ಗಮನಿಸು. ಸಿಂದಗಿಯಲ್ಲಿ ಅಕ್ಷರ ಜೋಡಿಸಿಕೊಟ್ಟ ಸಗೀರಾ ಅಕ್ಕ ತಕರಾರು ತೆಗೆದಳು. ‘ಈ ಒಲಿ ಮಾತ ತಗೀಲೇನ ಪ್ರಜ್ಞಾ? ಅದು ಅವ್ರ ಮನಿ ಒಳಗಿಂದು.’

‘ಅಕ್ಕಾ, ಇದ್ರಾಗ ಎಲ್ಲಕ್ಕಿಂತ ಛಲೋ ಸಾಲು ಅದ ಐತಿ.’

‘ಛಲೋ ಐತಿ ಅಂತನ ಕೇಳಾಕತ್ತೇನಿ. ಅವಗ ಕೇಳೀಯೇನ?’

ಕೇಳಿದರೆ ನೀನು ಬೇಡ ಅನ್ನುತ್ತಿದ್ದೆ. ನಿನ್ನ ಪರವಾಗಿ ಯಾರಾದರೂ ಮಾತಾಡಬೇಕಿತ್ತು. ಬಾಗೇವಾಡಿಯಲ್ಲಿ ಒಬ್ಬ ಮುದುಕ ನಿಂತು ಪೂರ್ತಿ ಓದಿ, ಮಡಚಿ, ರುಮಾಲಿನೊಳಗೆ ಇಟ್ಟುಕೊಂಡ. ಆ ಒಬ್ಬನಿಗಾಗಿಯಾದರೂ ಸಾರ್ಥಕ. ನೀನು ಹೆಮ್ಮೆಪಡುತ್ತೀಯೆಂದು ನಂಬಿದ್ದೇನೆ.

ಪ್ರಜ್ಞಾ

&nbsp;

ಮೋರಟಗಿ
10 ಮಾರ್ಚ್ 2024

ಕಾಂತು,

ಎರಡು ವಾರ ದಾಟಿತು. ಪತ್ರ ಸಿಕ್ಕಿದೆಯೋ ಇಲ್ಲವೋ. ಹೆಡ್‌ಫೋನ್ ಅವಸರವಿಲ್ಲ. ಒಂದು ಸಾಲು ಸಾಕು.

ಪ್ರಜ್ಞಾ

&nbsp;

ಮೋರಟಗಿ
29 ಮಾರ್ಚ್ 2024

ಕಾಂತು,

ಈ ಪತ್ರವನ್ನು ಇಂಗಳೇಶ್ವರದ ವಿಳಾಸಕ್ಕೆ ಹಾಕುತ್ತಿದ್ದೇನೆ. ನಿನ್ನೆ ಮುದ್ದೇಬಿಹಾಳಕ್ಕೆ ಹೋಗಿದ್ದೆ.

ಬಸಂತರಾಯರು ದೊಡ್ಡ ಹೊಟ್ಟೆಯ, ಕಿರುಚಾಡುವ ಮನುಷ್ಯ ಎಂದು ನಾನು ಕಲ್ಪಿಸಿಕೊಂಡಿದ್ದೆ. ಕರಪತ್ರ ಬರೆಯುವಾಗ ಅದೇ ಮುಖ ಕಣ್ಣ ಮುಂದಿತ್ತು. ಬಡಕಲು ಮನುಷ್ಯ, ಹರಿದ ಬನಿಯನ್ನಿನಲ್ಲಿ ತಂತಿ ಸುತ್ತುತ್ತ ಕುಳಿತಿದ್ದರು. ನೀನು ಎಲ್ಲಿ ಎಂದು ಕೇಳಿದೆ. ‘ಏನಂದ್ರಿ?’ ಅಂದರು. ಮತ್ತೆ ಕೇಳಿದೆ. ‘ಏನಂದ್ರಿ?’ ಮೂರನೆಯ ಸಲಕ್ಕೆ ಎದ್ದು ಬಂದು ನನ್ನ ಬಾಯಿಯನ್ನೇ ನೋಡುತ್ತ ನಿಂತರು.

‘ಕಾಂತು ಇಲ್ಲ. ಯಾರೋ ಹಾಳಿ ಹಂಚ್ಯಾರ. ಪೊಲೀಸ್ರು ಬಂದು ಗಾಡಿ ನಿಲ್ಲಿಸಿದ್ರು, ಮೂರ ಲಗ್ನ ಕೈ ತಪ್ಪಿದ್ವು. ಮಿಕ್ಸರ್ ಮುಂದ ಕುಂತವಗ ಒಂದ ಕಿವಿ ಅಂತ ಗೊತ್ತಾದ್ರ ಯಾವ ಗಿರಾಕಿ ಬರ್ತಾನ ಹೇಳ್ರಿ. ಹೋಗಪಾ ಅಂದೆ. ಹೋದ.’ ಆಮೇಲೆ ಕೇಳಿದರು: ‘ನೀವು ಅವಗ ಏನಾಗಬೇಕು?’

 ಹಾಳೆ ಹಂಚಿದವಳು ನಾನೇ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಪ್ರತಿ ಸಭೆಯಲ್ಲೂ ಧೈರ್ಯದ ಬಗ್ಗೆ ಮಾತಾಡುವವಳು ‘ಜೊತಿಗಿ ಓದಿದವ್ರು ರಿ’ ಎಂದು ಹೇಳಿ ಬಸ್ ಹತ್ತಿದೆ.

ಎಲ್ಲಿದ್ದೀಯ?

ಪ್ರಜ್ಞಾ

&nbsp;

ಇಂಗಳೇಶ್ವರ
11 ಏಪ್ರಿಲ್ 2024

ಪ್ರಜ್ಞಾ ಅವರಿಗೆ ನಮಸ್ಕಾರ.

ತಮ್ಮ ಮೂರೂ ಪತ್ರ ತಲುಪಿವೆ. ನಾನು ಊರಿನಲ್ಲಿದ್ದೇನೆ. ಅಣ್ಣನ ಜೊತೆ ಕುರಿಗೆ ಹೋಗುತ್ತೇನೆ.

ನಡೆದದ್ದನ್ನು ತಿಳಿಸುವುದು ಒಳ್ಳೆಯದು. ಅವ್ವ ಜೋಳ ಬೀಸಿಸಲು ಗಿರಣಿಗೆ ಹೋಗಿದ್ದಳು. ಅಲ್ಲಿ ನಮ್ಮ ಮಾಳಿಂಗರಾಯ ಕಾಕಾ ಒಂದು ಹಾಳೆ ಹಿಡಿದು ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳುತ್ತಿದ್ದರಂತೆ. ‘ನಮ್ಮೂರಿನ ಹುಡುಗನಂತ, ಯಾರಿದ್ದಾನು?’ ಎಂದು ಜನ ಲೆಕ್ಕ ಹಾಕುತ್ತಿದ್ದರಂತೆ. ಒಲೆಯ ಮಾತು ಬರುವವರೆಗೆ ಅವ್ವನೂ ಅವರ ಜೊತೆ ಲೆಕ್ಕ ಹಾಕುತ್ತಿದ್ದಳು. ಆಮೇಲೆ ಹಿಟ್ಟಿಗೆ ಕಾಯಲಿಲ್ಲ, ಡಬ್ಬಿ ಅಲ್ಲೇ ಬಿಟ್ಟು ಬಂದಳು.

ನಾನು ಆ ದಿನ ಊರಲ್ಲೇ ಇದ್ದೆ, ಕಟ್ಟೆಯ ಮೇಲೆ ಕುಳಿತಿದ್ದೆ. ಅವಳು ಬಂದು ನನ್ನ ಬಲಗಡೆ ಕುಳಿತು, ಮೆಲ್ಲಗೆ ‘ಕಾಂತೂ’ ಎಂದಳಂತೆ. ಮತ್ತೊಮ್ಮೆ ‘ಕಾಂತೂ’ ಎಂದಳಂತೆ. ನಾನು ತಿರುಗಲಿಲ್ಲವಂತೆ. ಇದೆಲ್ಲ ಅಣ್ಣ ಹೇಳಿದ್ದು. ನನಗೆ ಕಂಡದ್ದು, ಎಷ್ಟೋ ಹೊತ್ತಿನ ಮೇಲೆ ನೋಡಿದಾಗ ಅವಳು ಪಕ್ಕದಲ್ಲಿ ಸೆರಗು ಬಾಯಿಗೆ ಹಿಡಿದು ಕುಳಿತಿದ್ದದ್ದು ಮಾತ್ರ.

ತಾವು ಬರೆದದ್ದರಲ್ಲಿ ಸುಳ್ಳು ಒಂದೂ ಇಲ್ಲ. ನಾನೇ ಬರೆದ ಮಾತುಗಳು. ಒಬ್ಬರಿಗೆ ಬರೆದಿದ್ದೆ, ಐನೂರು ಜನಕ್ಕೆ ಹೋದವು. ಈಗ ಊರಿನಲ್ಲಿ ಎಲ್ಲರೂ ನನ್ನ ಜೊತೆ ಕೂಗಿ ಮಾತಾಡುತ್ತಾರೆ, ಎಡಗಡೆಯಿಂದಲೂ.

ಹೆಡ್‌ಫೋನ್ ವಿಚಾರ ಮರೆತಿಲ್ಲ.

ಕಾಂತು

&nbsp;

ಮೋರಟಗಿ
2 ಮೇ 2024

ಕಾಂತು,

ನಾನೇಕೆ ಹಾಗೆ ಮಾಡಿದೆ ಎಂದು ನಾಲ್ಕು ಪುಟ ಬರೆದು ಹರಿದುಹಾಕಿದೆ. ನಾಲ್ಕು ಪುಟವೂ ಮತ್ತೊಂದು ಕರಪತ್ರದಂತಿದ್ದವು. ತಪ್ಪು ಮಾಡಿದೆ. ಅದರ ಮುಂದೆ ‘ಆದರೆ’ ಇಲ್ಲ.

ಬಸಂತರಾಯರಿಗೆ ಕಾರ್ಡು ಬರೆದು, ಹಾಳೆ ಹಂಚಿದ್ದು ನಾನೇ ಎಂದು ತಿಳಿಸಿದ್ದೇನೆ. ಅದರಿಂದ ನಿನ್ನ ಕೆಲಸ ತಿರುಗಿ ಬರುವುದಿಲ್ಲ, ಗೊತ್ತಿದೆ.

ನಿನಗೊಂದು ಸುಳ್ಳು ಹೇಳಿದ್ದೆ, ಅದನ್ನೂ ಬರೆದುಬಿಡುತ್ತೇನೆ. ಓದುಗರ ಬಳಗ ಇಲ್ಲ. ಮೊದಲ ಭಾನುವಾರ ಹನ್ನೊಂದು ಕುರ್ಚಿ ಹಾಕಿಸಿದ್ದೆ, ಅದು ಮಾತ್ರ ನಿಜ. ಇಬ್ಬರು ಬಂದರು, ಅವರಲ್ಲಿ ಒಬ್ಬ ಕುರ್ಚಿ ಬಾಡಿಗೆಯವನು. ಎರಡನೆಯ ವಾರದಿಂದ ಅಪ್ಪನ ಅವ್ವ, ಮರೆವ್ವಜ್ಜಿ ಒಬ್ಬಳೇ. ಅವಳಿಗೆ ಓದು ಬರುವುದಿಲ್ಲ. ನಾನು ಗಟ್ಟಿಯಾಗಿ ಓದುತ್ತೇನೆ, ಅವಳು ಬತ್ತಿ ಹೊಸೆಯುತ್ತಾಳೆ, ನಡುನಡುವೆ ‘ಖರೆ ಐತಿ’ ಅನ್ನುತ್ತಾಳೆ. ಒಂದು ದಿನ ಬೇಕೆಂದೇ ತಪ್ಪಾಗಿ ಓದಿದೆ. ಅದಕ್ಕೂ ‘ಖರೆ ಐತಿ’ ಅಂದಳು.

ನಿನ್ನ ಪತ್ರ ಬಂದಾಗ ನನಗೆ ಮೊದಲ ಸಲ ಹೇಳಲು ಏನೋ ಸಿಕ್ಕಿತು, ಕೇಳಲು ಐನೂರು ಜನ ಸಿಕ್ಕರು. ನನಗೆ ಬೇಕಿದ್ದದ್ದು ಅದೇ ಇರಬೇಕು. ನಿನಗೆ ಏನು ಬೇಕಿತ್ತು ಎಂದು ಕೇಳಲೇ ಇಲ್ಲ.

ಹೆಡ್‌ಫೋನ್ ಬೇಡ. ಉತ್ತರ ಬರೆಯಲೇಬೇಕೆಂದಿಲ್ಲ.

ಪ್ರಜ್ಞಾ

&nbsp;

ಇಂಡಿ
17 ಜೂನ್ 2024

ಪ್ರಜ್ಞಾ,

ಈಗ ಇಂಡಿಯಲ್ಲಿದ್ದೇನೆ. ಒಂದು ಮೊಬೈಲ್ ರಿಪೇರಿ ಅಂಗಡಿ, ಸಣ್ಣದು. ಮೊದಲ ದಿನವೇ ಮಾಲೀಕರಿಗೆ ಕಿವಿಯ ವಿಷಯ ಹೇಳಿದೆ. ‘ಕೈ ಎರಡೂ ಅದಾವಿಲ್ಲೋ?’ ಎಂದು ಕೇಳಿದರು, ಅಷ್ಟೇ. ಹೇಳದೆ ಸೇರುವ ಹಾಗೆ ಈಗ ಇಲ್ಲವಲ್ಲ.

ಇದರ ಜೊತೆ ಹೆಡ್‌ಫೋನ್ ಇದೆ. ಸಿಂದಗಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟಿದ್ದೇನೆ. ಹಾಡು ರೆಕಾರ್ಡ್ ಮಾಡುವವರು ಬಳಸುವ ಜಾತಿಯದು, ಹಳೆಯದು, ಒಂದು ಕಡೆ ಸತ್ತಿತ್ತು. ತಂತಿ ಬದಲಿಸಿ ಬೆಸುಗೆ ಹಾಕಿದ್ದೇನೆ. ಯಾವ ಬಾಸ್‌ಗೀಸ್ ಇಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತದೆ. ಡ್ರಮ್ಮಿನ ಏಟುಗಳನ್ನು ಎಣಿಸಬಹುದು. ಎರಡೂ ಕಡೆಯನ್ನು ಎಡಗಿವಿಗೇ ಹಚ್ಚಿ ಪರೀಕ್ಷೆ ಮಾಡಿದೆ, ಒಂದಾದ ಮೇಲೆ ಒಂದು. ಎರಡೂ ಒಟ್ಟಿಗೆ ಹೇಗೆ ಕೇಳುತ್ತದೆಂದು ನನಗೆ ತಿಳಿಯದು.

ಕಿವಿಯ ದಿಂಬಿನ ರೆಕ್ಸಿನ್ ಉದುರಿತ್ತು. ಈಗಿರುವುದು ನಮ್ಮ ಕರಿ ಕುರಿಯ ಉಣ್ಣೆ. ಅವ್ವ ಮಾಡಿಕೊಟ್ಟಳು. ಯಾರಿಗೆಂದು ಅವಳು ಕೇಳಲಿಲ್ಲ, ನಾನು ಹೇಳಿಲ್ಲ.

ದುಡ್ಡು ಬೇಡ.

ಕಾಂತು

&nbsp;

ಮೋರಟಗಿ
24 ಜೂನ್ 2024

ಕಾಂತು,

ಸಿಂದಗಿ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ ‘ಏನೈತಿ ಇದ್ರಾಗ, ಕುರಿ ವಾಸನಿ ಹೊಡ್ಯಾಕತ್ತೈತಿ’ ಎನ್ನುತ್ತ ಪೊಟ್ಟಣ ಕೊಟ್ಟ. ಮನೆಗೆ ಬಂದು, ಅಪ್ಪ ಹೊಲಕ್ಕೆ ಹೋಗುವವರೆಗೆ ಕಾದು, ಹಾಕಿಕೊಂಡೆ.

ಮೂರು ವರ್ಷ ಕೇಳಿ ಬಾಯಿಪಾಠವಾಗಿದ್ದ ಹಾಡು ಅರ್ಧ ಅಪರಿಚಿತವಾಗಿತ್ತು. ನನ್ನ ಗಿಟಾರಿನ ಎದುರು ಇನ್ನೊಂದು ಯಾವತ್ತಿನಿಂದಲೋ ನಡೆಯುತ್ತ ಬಂದಿದೆ, ನಾನು ತಿರುಗಿ ನೋಡಿರಲಿಲ್ಲ. ಜಗಳದ ಜಾಗ ಬಂದಾಗ ನಿನ್ನದು ಇಳಿಯಿತು, ನನ್ನದು ಏರಿತು, ನಡುವೆ ತಲೆಯೊಳಗೆ ಒಂದು ಖಾಲಿ ಅಂಗಳ ಬಿಚ್ಚಿಕೊಂಡಿತು. ಎರಡೂ ಒಟ್ಟಿಗೆ ಹೇಗೆ ಕೇಳುತ್ತದೆ ಎಂದು ನೀನು ಕೇಳಿಲ್ಲ. ಆ ಅಂಗಳದಲ್ಲಿ ಯಾರೂ ಇಲ್ಲ, ಹಾಗೆ ಕೇಳುತ್ತದೆ.

ಅಪ್ಪ ಹಿಂತಿರುಗಿ ಬಂದ. ನಾನು ತೆಗೆಯಲಿಲ್ಲ, ಹಾಡು ನಡೆದೇ ಇತ್ತು. ನೀರು ಕುಡಿದು, ನನ್ನ ಮುಂದೆಯೇ ಹಾದು ಹೋದ.  ಸದ್ದು ಸೋರುವುದಿಲ್ಲ, ನಿನ್ನ ಆಯ್ಕೆ ಸರಿ.

ಮರೆವ್ವಜ್ಜಿ ತನಗೂ ಬೇಕೆಂದಳು. ಹಾಕಿದೆ. ಒಂದು ನಿಮಿಷ ಕಣ್ಣು ಮುಚ್ಚಿ ಕುಳಿತು, ಆಮೇಲೆ ಎಡಗಡೆಯದನ್ನು ಮಾತ್ರ ಕೈಯಿಂದ ಸರಿಸಿದಳು.

‘ನಿಮ್ಮಜ್ಜಗ ಈ ಕಿವಿ ಇರಲಿಲ್ಲ. ಹಲಗಿ ಅದ ಹೆಗಲಿಗಿ ಇರ್ತಿತ್ತಲ್ಲ.’

‘ನನಗ ಯಾರೂ ಹೇಳಿಲ್ಲಲ್ಲ ಬೇ?’

‘ಏನ್ ಹೇಳೂದೈತಿ ಅದ್ರಾಗ? ನಾ ಬಲಕ ಬಂದು ಕುಂಡರತಿದ್ದೆ.’

 ಆಮೇಲೆ ಬತ್ತಿ ಹೊಸೆಯತೊಡಗಿದಳು. ನಲವತ್ತು ವರ್ಷ ಅವಳು ಯಾರಿಗೂ ಹೇಳದೆ ಬಲಗಡೆ ಹೋಗಿ ಕುಳಿತಿದ್ದಾಳೆ. ನಾನು ನಿನ್ನ ಎಡಗಡೆ ಬಂದು ಕೂರುವ ಬದಲು ಬಾಗೇವಾಡಿ ಬಸ್‌ಸ್ಟ್ಯಾಂಡಿಗೆ ಹೋಗಿ ನಿಂತೆ.

ಈ ಲಕೋಟೆಯಲ್ಲಿ ನಮ್ಮ ಹಳೆಯ ಇಯರ್‌ಫೋನ್ ಇದೆ. ಬಲಗಡೆಯದು ಸತ್ತದ್ದು, ಎಡಗಡೆಯದಕ್ಕೆ ಜೀವವಿದೆ, ಅದು ಯಾವತ್ತೂ ನಿನ್ನದೇ. ಜೊತೆಗೆ ಆರು ಹಾಳೆ ಇವೆ. ಹೆದರಬೇಡ, ಕರಪತ್ರವಲ್ಲ. ಹೆಡ್‌ಫೋನಿನ ಎಡಗಡೆಯದನ್ನು ಕಿವಿಯಿಂದ ಸರಿಸಿ, ಬಲಗಡೆಯ ಗಿಟಾರನ್ನು ಮಾತ್ರ ಕೇಳುತ್ತ, ಒಂಬತ್ತು ನಿಮಿಷದಲ್ಲಿ ಅದು ಏನೇನು ಮಾಡುತ್ತದೆಂದು ನಿಮಿಷ, ಸೆಕೆಂಡು ಹಾಕಿ ಬರೆದಿದ್ದೇನೆ. ಬರೆಯಲು ಆರು ದಿನ ಹಿಡಿಯಿತು. ನಿನ್ನ ಎಡಗಿವಿಗೆ ನಿನ್ನದನ್ನು ಹಾಕಿಕೊಂಡು, ಹಾಡು ಶುರು ಮಾಡಿ, ಇದನ್ನು ಓದುತ್ತ ಹೋಗು. ಮನಸ್ಸಿದ್ದರೆ. ಇಲ್ಲದಿದ್ದರೆ ಒಲೆಗೆ ಹಾಕು.

ಒಂದೇ ಪ್ರತಿ. ಸಗೀರಾ ಅಕ್ಕನಿಗೂ ತೋರಿಸಿಲ್ಲ.

ಪ್ರಜ್ಞಾ

*(ಮೊದಲ ಹಾಳೆ)*

*0.00: ಗಾಳಿ. ನಿನಗೂ ಇಷ್ಟೇ ಕೇಳುತ್ತಿರಬೇಕು.*

*0.41: ನಿನ್ನದು ಒಂದೇ ಶುರುವಾಗುತ್ತದೆ. ನನ್ನದು ಸುಮ್ಮನಿದೆ.*

*0.58: ಇನ್ನೂ ಸುಮ್ಮನಿದೆ. ನಿನ್ನದನ್ನು ಕೇಳುತ್ತಿದೆ.*

*1.10: ಈಗ ಬರುತ್ತೇನೆ, ಮೆಲ್ಲಗೆ, ನಿನ್ನ ಬಲಗಡೆಯಿಂದ.*